ಇನ್ನೊಬ್ಬರ ‘ನಾನು’

ಅರಳು ಅನ್ನೋದು ಹೆತ್ತವರು ಇಟ್ಟ ಹೆಸರಲ್ಲ, ಓಣಿಯ ಹೆಂಗಸರು ಇಟ್ಟದ್ದು. ಮೂರು ವರ್ಷದ ಮಗು ಅರಳು ಹುರಿದ ಹಾಗೆ ಪಟಪಟ ಮಾತಾಡುತ್ತಿತ್ತು. ಅದರ ಅಪ್ಪ ಅಮ್ಮನಿಗೋ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ, ಬಾಯಲ್ಲಿ ಮಾತೂ ಇರಲಿಲ್ಲ. ‘ಅವರಿಬ್ಬರೂ ಉಳಿಸಿದ ಮಾತನ್ನೆಲ್ಲ ಈ ಮಗಳೊಬ್ಬಳೇ ಖರ್ಚು ಮಾಡ್ತಾಳೆ’ ಎಂದು ಮೆಟ್ಟಿಲ ಮೇಲೆ ಕೂತ ಹೆಂಗಸರು ನಗುತ್ತಿದ್ದರು. ಹೆಸರು ಅಂಟಿಕೊಂಡಿತು. ಮದುವೆಯಾಗಿ, ತಲೆಯಲ್ಲಿ ನಾಲ್ಕು ಬಿಳಿಕೂದಲು ಕಾಣಿಸಿಕೊಂಡ ಮೇಲೂ ಎಲ್ಲರ ಬಾಯಲ್ಲಿ ಅವಳು ಅರಳುವೇ.

ಅಪ್ಪ ಹಳೆಯ ಕುರ್ಚಿ ಮೇಜುಗಳಿಗೆ ಪಾಲಿಶ್ ಹಾಕುವವನು. ಬೆರಳುಗಳು ಸದಾ ಕಂದು. ಆ ಕಂದು ಬೆರಳುಗಳಲ್ಲಿ ಅವನು ಮಾತಾಡಿದರೆ ಓಣಿಯ ಆ ತುದಿಯಿಂದಲೂ ಓದಬಹುದಿತ್ತು. ಅಮ್ಮ ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋಗುತ್ತಿದ್ದಳು. ಮನೆಯೊಳಗಿನ ಮಾತೆಲ್ಲ ಕೈಯಲ್ಲಿ, ಮನೆಯ ಹೊರಗಿನದೆಲ್ಲ ಬಾಯಲ್ಲಿ. ನಡುವಿನ ಹೊಸ್ತಿಲ ಮೇಲೆ ಅರಳು. ಅಂಗಡಿಯವನು, ಡಾಕ್ಟರು, ಮನೆ ಮಾಲೀಕ, ಯಾರು ಏನು ಹೇಳಬೇಕಾದರೂ ಅವಳ ಮೂಲಕವೇ ಹೇಳಬೇಕು.

ಅದರಲ್ಲಿ ಸ್ವಲ್ಪ ಲಾಭವೂ ಇತ್ತು. ಎರಡನೇ ತರಗತಿಯಲ್ಲಿ ಟೀಚರು ಅಪ್ಪನನ್ನು ಶಾಲೆಗೆ ಕರೆಸಿದರು. ‘ನಿಮ್ಮ ಮಗಳ ಬಾಯಿ ಒಂದು ನಿಮಿಷ ಮುಚ್ಚಿರಲ್ಲ. ಪಕ್ಕದವರನ್ನೂ ಕೆಡಿಸ್ತಾಳೆ. ಸ್ವಲ್ಪ ಬುದ್ಧಿ ಹೇಳಿ’ ಅಂದರು. ಅದನ್ನು ಅಪ್ಪನಿಗೆ ದಾಟಿಸಬೇಕಾದವಳು ಅವಳೇ ತಾನೆ? ‘ನಾನು ಕ್ಲಾಸಿಗೇ ಫಸ್ಟಂತೆ’ ಎಂದು ಕೈಯಲ್ಲಿ ಹೇಳಿದಳು. ಅಪ್ಪ ಹಿಗ್ಗಿ ಹೀರೇಕಾಯಿಯಾಗಿ ಟೀಚರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದ. ಈ ಮನುಷ್ಯ ಮಗಳ ದೂರು ಕೇಳಿ ಯಾಕಿಷ್ಟು ಖುಷಿಪಡುತ್ತಾನೆ ಅಂತ ಟೀಚರಿಗೆ ಕೊನೆಗೂ ತಿಳಿಯಲಿಲ್ಲ.

ಇನ್ನೊಂದು ಸಲ ಮಾತ್ರ ಆ ಆಟ ನಡೆಯಲಿಲ್ಲ. ಅವಳಿಗೆ ಹತ್ತು ವರ್ಷ ಇರಬೇಕು. ಮನೆ ಮಾಲೀಕ ಬಾಗಿಲಲ್ಲಿ ನಿಂತು, ‘ಮೂಗರಿಗೆ ಮನೆ ಕೊಟ್ಟದ್ದೇ ನನ್ನ ತಪ್ಪು. ಜನ ಆಡಿಕೊಳ್ತಾರೆ. ಬೇರೆ ಕಡೆ ನೋಡ್ಕೊಳ್ಳೋಕೆ ಹೇಳು ನಿಮ್ಮಪ್ಪನಿಗೆ’ ಅಂದ. ಅರಳು ‘ನಲ್ಲಿ ರಿಪೇರಿ ಮಾಡಿಸ್ತಾರಂತೆ’ ಎಂದು ಅಪ್ಪನಿಗೆ ಹೇಳಿದಳು. ಅಪ್ಪ ಮಾಲೀಕನ ಮುಖ ನೋಡಿದ, ಮಗಳ ಮುಖ ನೋಡಿದ. ಮಾಲೀಕ ಹೋದ ಮೇಲೆ ಅವಳನ್ನು ಎದುರಿಗೆ ಕೂರಿಸಿಕೊಂಡ. ‘ಆ ಮುಖ ನಲ್ಲಿಯದಲ್ಲ’ ಅಂದವು ಕಂದು ಬೆರಳುಗಳು. ಅವಳು ಅಳುತ್ತಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಪ್ಪ ಸಿಟ್ಟಾಗಲಿಲ್ಲ. ‘ಬೈಗುಳ ಬಂದದ್ದು ನನ್ನ ಹೆಸರಿಗೆ. ಅದು ನನ್ನದು, ನನ್ನ ಕೈಗೇ ಕೊಡು. ದಾರಿಯಲ್ಲಿ ನೀನು ತಿಂದು ಬರಬೇಡ’ ಅಂದ. ಮಾರನೆಯ ವಾರ ಅವರು ಬೇರೆ ಮನೆ ಹಿಡಿದರು.

ಹೀಗೆ ಬೆಳೆದವಳು ಮುಂದೆ ಅದೇ ಕೆಲಸ ಓದಿ, ಪರೀಕ್ಷೆ ಕೊಟ್ಟು, ಸನ್ನೆ ಭಾಷೆಯ ದುಭಾಷಿಯಾದದ್ದರಲ್ಲಿ ಆಶ್ಚರ್ಯವಿಲ್ಲ. ವಿಶ್ವವಿದ್ಯಾಲಯದಲ್ಲಿ ಕಿವಿ ಕೇಳದ ಮಕ್ಕಳ ತರಗತಿಗಳಲ್ಲಿ ಮೇಷ್ಟ್ರ ಪಕ್ಕ ನಿಂತು ಕೈಯಲ್ಲಿ ಪಾಠ ದಾಟಿಸುವುದು ಅವಳ ನೌಕರಿ. ಗಂಡ ಲಿಫ್ಟ್ ರಿಪೇರಿ ಮಾಡುವವನು. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ‘ನಮ್ಮ ಮನೇಲಿ ಇಬ್ಬರ ಪಾಲಿನ ಮಾತನ್ನೂ ಒಬ್ಬರಿಗೇ ಕೊಟ್ಟುಬಿಟ್ಟಿದೀವಿ’ ಎಂದು ಅವನೇ ನೆಂಟರ ಮುಂದೆ ಹೇಳುತ್ತಿದ್ದ.

ಆ ವಿಶ್ವವಿದ್ಯಾಲಯದಲ್ಲಿ ಒಂದು ನೆರವು ಕೇಂದ್ರವಿತ್ತು. ಹಳೆಯ ಕಟ್ಟಡದ ಕೆಳಮಹಡಿಯ ಕೊನೆಯ ಕೋಣೆ. ಮೊದಲು ಅಲ್ಲಿ ಮುರಿದ ಬೆಂಚುಗಳನ್ನು ತುಂಬುತ್ತಿದ್ದರು. ಈಗ ಎರಡು ಮೆತ್ತನೆಯ ಕುರ್ಚಿ, ಒಂದು ನೀರಿನ ಹೂಜಿ, ಒಳಗಿಂದ ಚಿಲಕ ಹಾಕಬಹುದಾದ ಬಾಗಿಲು. ಯಾರಾದರೂ ಮೈ ಮುಟ್ಟಿ ಪೀಡಿಸಿದರೆ, ಹುಟ್ಟನ್ನೋ ಬಣ್ಣವನ್ನೋ ಆಡಿಕೊಂಡು ಹೀಯಾಳಿಸಿದರೆ, ಮಕ್ಕಳು ಅಲ್ಲಿಗೆ ಬಂದು ಹೇಳಿಕೊಳ್ಳಬಹುದು. ದೂರು ಕೊಡುವುದೋ ಬಿಡುವುದೋ ಅವರಿಗೇ ಬಿಟ್ಟದ್ದು. ಅಲ್ಲಿ ಕೂತಿದ್ದ ಸಲಹೆಗಾರ್ತಿ ಮೊದಲು ನರ್ಸ್ ಆಗಿದ್ದವರು. ಐವತ್ತು ದಾಟಿದ ಹೆಂಗಸು, ದಪ್ಪ ಕನ್ನಡಕ, ಯಾರು ಬಂದರೂ ಮೊದಲು ‘ಏನಾದರೂ ತಿಂದಿದೀಯಾ?’ ಅಂತ ಕೇಳುವ ಅಭ್ಯಾಸ.

ಒಂದು ಮಧ್ಯಾಹ್ನ ಅವರು ಅರಳುವಿಗೆ ಫೋನ್ ಮಾಡಿದರು. ‘ಬೇಗ ಬನ್ನಿ. ನೇಯ್ಗೆ ವಿಭಾಗದ ಹುಡುಗಿ ಬಂದಿದಾಳೆ. ಕಿವಿ ಕೇಳಲ್ಲ. ಎರಡು ತಿಂಗಳ ಹಿಂದೆ ಅಕ್ಕನ್ನ ಕರಕೊಂಡು ಬಂದಿದ್ದಳು. ಇವತ್ತು ಒಬ್ಬಳೇ ಬಂದು ಕೂತು ನಡುಗ್ತಿದಾಳೆ. ನನಗೆ ಏನೂ ತಿಳೀತಿಲ್ಲ.’

ಹುಡುಗಿಗೆ ಇಪ್ಪತ್ತು ವರ್ಷ. ತೆಳ್ಳಗೆ ಉದ್ದಕ್ಕೆ, ಉಗುರ ಸಂದಿಯಲ್ಲಿ ನೀಲಿ ಬಣ್ಣ. ಅರಳು ಎದುರು ಕೂತು, ‘ನಾನು ದುಭಾಷಿ. ನೀನು ಹೇಳಿದ್ದಕ್ಕೆ ಒಂದು ಸೇರಿಸಲ್ಲ, ಒಂದು ಕಳೆಯಲ್ಲ. ಇಲ್ಲಿಂದ ಆಚೆಗೆ ಒಯ್ಯಲ್ಲ’ ಎಂದು ಕೈಯಲ್ಲಿ ಹೇಳಿದಳು. ಹುಡುಗಿ ಅವಳ ಕೈಗಳನ್ನು ದಿಟ್ಟಿಸಿ ನೋಡಿದಳು. ಆಮೇಲೆ ಅವಳ ಕೈಗಳು ಕಟ್ಟೆ ಒಡೆದ ನೀರಾದವು.

ಮಗ್ಗದ ಮೇಷ್ಟ್ರು, ಅಂದರೆ ನೇಯ್ಗೆ ಕಲಿಸುವ ಶಿಕ್ಷಕ, ಹಿಂದಿನಿಂದ ಬರುತ್ತಾನೆ. ಮಗ್ಗದ ಮುಂದೆ ಕೂತವಳಿಗೆ ಬೆನ್ನ ಹಿಂದೆ ಏನಾಗುತ್ತದೆ ಅಂತ ಕೇಳಿಸುವುದಿಲ್ಲ, ನಿಜ. ಆದರೆ ಆ ಕೋಣೆಯದು ಹಲಗೆ ನೆಲ. ಯಾರಾದರೂ ನಡೆದು ಬಂದರೆ ಕೂತ ಬೆಂಚಿಗೆ, ಕಾಲಿಗೆ, ಅದರ ಅದುರು ತಿಳಿಯುತ್ತದೆ. ಅದು ಅವನಿಗೂ ಗೊತ್ತಿತ್ತು. ಅದಕ್ಕೇ ಬೂಟು ಬಿಚ್ಚಿಟ್ಟು ಬರುತ್ತಿದ್ದ. ದಾರ ಸರಿಪಡಿಸುವ ನೆಪದಲ್ಲಿ ಎರಡೂ ಕಡೆಯಿಂದ ಕೈ ಹಾಕುತ್ತಿದ್ದ. ಕೈ ದಾರದ ಮೇಲೆ ನಿಲ್ಲುತ್ತಿರಲಿಲ್ಲ.

ಅರಳು ಅದನ್ನು ಸಲಹೆಗಾರ್ತಿಗೆ ಬಾಯಲ್ಲಿ ಹೇಳುತ್ತಾ ಹೋದಳು. ಅವಳ ಕಸುಬಿನಲ್ಲಿ ಒಂದು ನಿಯಮವಿದೆ. ‘ಅವಳು ಹೀಗಂದಳು’ ಅನ್ನುವ ಹಾಗಿಲ್ಲ. ಹೇಳುವವರು ‘ನಾನು’ ಅಂದರೆ ದುಭಾಷಿಯೂ ‘ನಾನು’ ಅನ್ನಬೇಕು. ‘ನನ್ನ ಅಂಗಿಯೊಳಗೆ ಕೈ ಹಾಕಿದರು. ನಾನು ಮಿಸುಕದೆ ಕೂತಿದ್ದೆ’ ಎಂದು ಅರಳು ಹೇಳಿದಳು. ಆ ಮಾತು ತನ್ನದೇ ದನಿಯಲ್ಲಿ ಕಿವಿಗೆ ಬಿತ್ತು. ಆದರೂ ಕಣ್ಣನ್ನು ಹುಡುಗಿಯ ಕೈಯಿಂದ ತೆಗೆಯಲಿಲ್ಲ.

ಸಲಹೆಗಾರ್ತಿಯ ಮುಖ ಬಿಳಿಚಿಕೊಂಡಿತು. ‘ಮೊದಲ ಸಲ ಬಂದಾಗ ನನಗೆ ಹೀಗೆ ಹೇಳಲಿಲ್ಲವಲ್ಲ? ಮೇಷ್ಟ್ರು ಬೈತಾರೆ, ಪಾಠ ಸರಿಯಾಗಿ ಹೇಳಿಕೊಡಲ್ಲ ಅಂತ ತಾನೆ ಹೇಳಿದ್ದು?’

ಅರಳು ಅದನ್ನು ದಾಟಿಸಿದಳು. ಹುಡುಗಿಯ ಕೈ ಗಾಳಿಯಲ್ಲೇ ನಿಂತಿತು. ‘ಇಲ್ಲ. ನಾನು ಇದನ್ನೇ ಹೇಳಿದ್ದೆ. ಅಕ್ಕ ನಿಮಗೆ ಹೇಳಿದಳು. ನೀವು ತಲೆ ಆಡಿಸಿದಿರಿ.’

ಆಗ ನಡೆದದ್ದೇನೆಂದರೆ, ಮನೆಯವರೇ ಜೊತೆಗಿದ್ದಾರೆ, ಅವರೇ ಹೇಳಲಿ ಅಂತ ಸಲಹೆಗಾರ್ತಿ ಬಿಟ್ಟಿದ್ದರು. ಅಕ್ಕ ಹೇಳಿದ್ದನ್ನು ನಂಬಿ, ಈ ಹುಡುಗಿಗೆ ಪಾಠ ಹಿಡಿಯುವುದು ಕಷ್ಟವಾಗುತ್ತಿದೆ ಅಂದುಕೊಂಡು, ನೇಯ್ಗೆ ವಿಭಾಗಕ್ಕೆ ಒಂದು ಮಾತು ಹೇಳಿದ್ದರು: ಇವಳಿಗೆ ಸ್ವಲ್ಪ ತಾಳ್ಮೆಯಿಂದ, ಬೇರೆಯಾಗಿ ಸಮಯ ಕೊಟ್ಟು ಕಲಿಸಿ. ಮೇಷ್ಟ್ರು ಸಂತೋಷವಾಗಿ ಒಪ್ಪಿದ್ದ. ಉಳಿದವರೆಲ್ಲ ಹೋದ ಮೇಲೆ ಇವಳೊಬ್ಬಳಿಗೇ ಪಾಠ. ಎರಡು ತಿಂಗಳು.

ಸಲಹೆಗಾರ್ತಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ‘ಕುರಿ ಕಾಯೋಕೆ ತೋಳನ್ನೇ ಇಟ್ಟ ಹಾಗಾಯ್ತು. ಅದನ್ನ ಇಟ್ಟವಳು ನಾನು. ಇದನ್ನೂ ಅವಳಿಗೆ ಹೇಳಿ’ ಅಂದರು. ಅರಳು ಹೇಳಿದಳು. ಹುಡುಗಿ ಆ ಹೆಂಗಸನ್ನೇ ನೋಡಿ, ‘ಹಾಗಾದರೆ ಈಗ ತೆಗೆಯಿರಿ’ ಅಂದಳು.

ಮಾರನೆಯ ದಿನದಿಂದಲೇ ಮೇಷ್ಟ್ರು ಮಗ್ಗದ ಕೋಣೆಗೆ ಕಾಲಿಡಬಾರದೆಂದಾಯಿತು. ಹುಡುಗಿ ದೂರು ಕೊಟ್ಟಳು. ವಿಚಾರಣೆಗೆ ಸಮಿತಿ ಕೂತಿತು.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು. ಒಂದು ಬದಿಗೆ ಸಮಿತಿಯವರು, ಇನ್ನೊಂದು ಬದಿಗೆ ಹುಡುಗಿ ಮತ್ತು ಸಲಹೆಗಾರ್ತಿ. ಹುಡುಗಿಗೆ ನೇರ ಕಾಣುವ ಹಾಗೆ ಅರಳು. ಮೇಷ್ಟ್ರನ್ನು ಪಕ್ಕದ ಕೋಣೆಯಲ್ಲಿ ಕೂರಿಸಿದ್ದರು. ಅವನ ಪರವಾಗಿ ಒಬ್ಬ ಸಹೋದ್ಯೋಗಿ ಇಲ್ಲಿ ಬಂದು ಕೂತಿದ್ದರು. ಅಧ್ಯಕ್ಷೆ ಕಾನೂನು ಪಾಠ ಮಾಡುವ ಪ್ರಾಧ್ಯಾಪಕಿ, ಮೆಲು ಮಾತಿನವರು. ಅವರು ಅರಳುವಿನ ಕಡೆ ತಿರುಗಿ, ‘ಏನಾಯ್ತಂತೆ ಕೇಳಿ ಅವಳನ್ನ’ ಅಂದರು.

‘ಮೇಡಂ, ಅವರನ್ನೇ ನೋಡಿ ಕೇಳಿ. ನಾನು ಇಲ್ಲಿ ಇಲ್ಲವೇ ಇಲ್ಲ ಅಂದುಕೊಳ್ಳಿ’ ಅಂದಳು ಅರಳು. ಅಧ್ಯಕ್ಷೆ ತಲೆಯಾಡಿಸಿ, ಕುರ್ಚಿ ತಿರುಗಿಸಿಕೊಂಡು ಹುಡುಗಿಯನ್ನೇ ಕೇಳಿದರು. ಕೊನೆಯವರೆಗೂ ಹಾಗೇ ಕೇಳಿದರು.

ಹುಡುಗಿ ಎಲ್ಲವನ್ನೂ ಹೇಳಿದಳು. ಮುಗಿದ ಮೇಲೆ ಸಹೋದ್ಯೋಗಿ ಗಂಟಲು ಸರಿಮಾಡಿಕೊಂಡರು. ‘ಮೊದಲ ಸಲ ಬಂದಾಗ ಬೈತಾರೆ ಅನ್ನೋದು ಮಾತ್ರ ಇತ್ತು. ಈಗ ಕಥೆ ಬೆಳೆದಿದೆ. ನಡುವೆ ಬದಲಾದದ್ದು ಒಂದೇ, ದುಭಾಷಿ. ಹುಡುಗಿ ಕೈಯಾಡಿಸಿದ್ದು ನಮಗಂತೂ ಅರ್ಥವಾಗಲ್ಲ. ಈ ಅಮ್ಮ ಉಪ್ಪು ಖಾರ ಹಚ್ಚಿ ಹೇಳ್ತಿಲ್ಲ ಅಂತ ಏನು ಗ್ಯಾರಂಟಿ?’

ಅರಳುವಿನ ಕಿವಿ ಬಿಸಿಯಾಯಿತು. ನಾಲಿಗೆ ತುದಿಗೆ ಹತ್ತು ಉತ್ತರ ಬಂದವು. ಬಾಯಿಗೆ ಹೆಸರಾದವಳು, ಬಾಯಿ ಬಿಡಲಿಲ್ಲ. ತನ್ನ ಮೇಲೆ ಬಂದ ಆ ಮಾತನ್ನೇ ಒಂದಕ್ಷರ ಬಿಡದೆ ಹುಡುಗಿಗೆ ಕೈಯಲ್ಲಿ ಹೇಳಿದಳು. ‘ಉಪ್ಪು ಖಾರ’ ಅನ್ನುವುದನ್ನೂ ಹೇಳಿದಳು. ಹೇಳಿಯಾದ ಮೇಲೆ ಅಧ್ಯಕ್ಷೆಯ ಕಡೆ ತಿರುಗಿ, ‘ಈಗ ನನ್ನ ಸ್ವಂತ ಮಾತು ಒಂದು. ನನ್ನ ಮೇಲಿನ ಅನುಮಾನಕ್ಕೆ ನಾನೇ ಸಾಕ್ಷಿಯಾಗೋದು ಸರಿಯಲ್ಲ. ಇನ್ನೊಬ್ಬ ದುಭಾಷಿಯನ್ನ ಕರೆಸಿ ಪಕ್ಕದಲ್ಲಿ ಕೂರಿಸಿ. ನಾನು ತಪ್ಪು ಹೇಳಿದರೆ ಅವರು ತಡೀಲಿ’ ಅಂದಳು. ಅಧ್ಯಕ್ಷೆ ಒಪ್ಪಿ, ವಿಚಾರಣೆಯನ್ನು ಮುಂದಿನ ವಾರಕ್ಕೆ ಹಾಕಿದರು.

ಹೊರಗೆ ಪಡಸಾಲೆಯ ಬೆಂಚಿನ ಮೇಲೆ ಹುಡುಗಿಯ ಅಕ್ಕ ಕೂತಿದ್ದಳು. ಹಲ್ಲಿನ ಡಾಕ್ಟರ ಬಳಿ ಸ್ವಾಗತದ ಮೇಜಿನಲ್ಲಿ ಕೆಲಸ. ಕಷ್ಟಪಟ್ಟು ರಜ ಹಾಕಿ ಬಂದಿದ್ದಳು. ಬಾಗಿಲ ಸಂದಿಯಿಂದ ಅವಳಿಗೆ ಮಾತೆಲ್ಲ ಕೇಳಿಸಿತ್ತು. ಅರಳು ಮುಖ ತೊಳೆಯಲು ಹೋದಾಗ ಹಿಂದೆಯೇ ಬಂದಳು.

‘ಮೇಡಂ, ನಿಮ್ಮ ತಪ್ಪಿಲ್ಲ. ಅವಳು ಅವತ್ತೂ ಎಲ್ಲಾ ಹೇಳಿದ್ದಳು. ನನ್ನ ಬಾಯಿಗೆ ಬರಲಿಲ್ಲ. ಗುರುತಿಲ್ಲದವರ ಮುಂದೆ ಆ ಮಾತು... ಹೇಗೆ ಹೇಳಲಿ? ಅಮ್ಮನಿಗೆ ಗೊತ್ತಾದರೆ ಓದು ಬಿಡಿಸಿ ಮನೇಲಿ ಕೂರಿಸ್ತಾಳೆ. ಬೈತಾರೆ ಅಂದರೆ ಸಾಕು, ಯಾರಾದರೂ ಮೇಷ್ಟ್ರಿಗೆ ಬುದ್ಧಿ ಹೇಳ್ತಾರೆ, ಅಲ್ಲಿಗೆ ಮುಗಿಯುತ್ತೆ ಅಂದುಕೊಂಡೆ.’

ಅರಳು ನಲ್ಲಿ ನಿಲ್ಲಿಸಿದಳು. ಬೈಯಬೇಕೆನಿಸಲಿಲ್ಲ. ನಲ್ಲಿ ರಿಪೇರಿಯ ಸುಳ್ಳು ಹೇಳಿದ್ದ ಹತ್ತು ವರ್ಷದ ಅರಳುವೂ ಹೀಗೇ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ‘ಇದನ್ನ ನನಗೆ ಹೇಳಬೇಡಮ್ಮ. ನಾನು ಕೇಳಿಸಿಕೊಂಡರೆ ಅದಕ್ಕೆ ಬೆಲೆಯಿಲ್ಲ. ಕೇಳಬೇಕಾದವರು ಇಬ್ಬರು. ಒಬ್ಬರು ಆ ಮೇಜಿನ ಹಿಂದೆ ಕೂತವರು, ಇನ್ನೊಬ್ಬಳು ನಿನ್ನ ತಂಗಿ’ ಅಂದು ಅವಳನ್ನು ಸಲಹೆಗಾರ್ತಿಯ ಬಳಿಗೆ ಬಿಟ್ಟು ಬಂದಳು.

ಆ ವಾರ ಅರಳುವಿನ ಮನೆಯಲ್ಲಿ ಮಾತಿಲ್ಲದೆ ಕಳೆಯಿತು. ಸಂಜೆ ಬಂದು ಸುಮ್ಮನೆ ಕೂರುತ್ತಿದ್ದಳು. ಪಾತ್ರೆ ತೊಳೆಯುವಾಗ ಹಿಂದಿನಿಂದ ಗಂಡ ಬಂದು ಭುಜ ಮುಟ್ಟಿದ. ಬೆಚ್ಚಿದ ಅವಳ ಕೈಯಿಂದ ಲೋಟ ಜಾರಿ ಚೂರಾಯಿತು.

‘ಏನಾಯ್ತು, ಅರಳು? ಯಾರಾದರೂ ಏನಾದರೂ ಅಂದರಾ?’

‘ಹೇಳೋ ಹಾಗಿಲ್ಲ ರೀ. ನನ್ನ ವಿಷಯ ಅಲ್ಲ ಅದು.’

‘ನಿನ್ನ ವಿಷಯ ಅಲ್ಲದಿದ್ದರೆ ನೀನ್ಯಾಕೆ ನಡುಗ್ತಿದೀಯ?’

ಅವನು ಚೂರುಗಳನ್ನು ಆಯ್ದು ಕಾಗದದಲ್ಲಿ ಕಟ್ಟಿದ. ಅವತ್ತಿನಿಂದ ಅಡುಗೆಮನೆಗೆ ಬರುವ ಮುಂಚೆ ಬಾಗಿಲಲ್ಲೇ ನಿಂತು ಕೆಮ್ಮುವುದನ್ನು ಅಭ್ಯಾಸ ಮಾಡಿಕೊಂಡ. ಎಷ್ಟು ಜೋರಾಗಿ ಕೆಮ್ಮುತ್ತಿದ್ದನೆಂದರೆ ಪಕ್ಕದ ಮನೆಯಾಕೆ ಎರಡನೇ ದಿನ ಮಾತ್ರೆ ತಂದುಕೊಟ್ಟಳು. ಆ ವಾರ ಅರಳು ನಕ್ಕದ್ದು ಅದೊಂದೇ ಸಲ.

ಮಾರನೆಯ ದಿನ ಅವಳು ನೆರವು ಕೇಂದ್ರಕ್ಕೆ ಹೋದಳು. ‘ಕೆಲಸದ ಮೇಲೆ ಬಂದಿಲ್ಲ ಮೇಡಂ’ ಅಂದಳು. ಸಲಹೆಗಾರ್ತಿ ಬಾಗಿಲಿನ ಚಿಲಕ ಹಾಕಿ, ‘ಏನಾದರೂ ತಿಂದಿದೀರಾ?’ ಅಂದರು. ಅಷ್ಟಕ್ಕೇ ಅರಳುವಿನ ಕಣ್ಣು ತುಂಬಿತು. ‘ನಾನು ನಾನು ಅಂತ ಅವಳದನ್ನೆಲ್ಲ ಹೇಳಿದೆ. ಹೇಳೋವಾಗ ಏನೂ ಆಗಲಿಲ್ಲ. ಈಗ ಅದು ನನ್ನ ಮೈಮೇಲೇ ಉಳಕೊಂಡಿದೆ. ಇದು ಹುಚ್ಚಾ?’

‘ಹುಚ್ಚಲ್ಲ. ಬೇರೆಯವರ ಗಾಯ ತೊಳೆದ ಕೈಯನ್ನೂ ತೊಳಕೋಬೇಕು ಅಂತ ನಾನು ಆಸ್ಪತ್ರೇಲಿ ಕಲಿತವಳು. ನಿಮಗೆ ಅದನ್ನ ಹೇಳಲಿಲ್ಲ ನೋಡಿ’ ಎಂದರು ಸಲಹೆಗಾರ್ತಿ. ‘ಈ ಕುರ್ಚಿ ಮಕ್ಕಳಿಗೆ ಮಾತ್ರ ಅಂತ ಯಾರೂ ಬರೆದಿಟ್ಟಿಲ್ಲ.’ ಆಮೇಲೆ ಅರಳು ನಾಲ್ಕಾರು ಸಲ ಆ ಕೋಣೆಗೆ ಹೋಗಿ ಬಂದಳು. ಒಮ್ಮೆಗೇ ಏನೂ ಸರಿಹೋಗಲಿಲ್ಲ. ನಿದ್ದೆ ಮಾತ್ರ ಮೊದಲು ಮರಳಿತು.

ಎರಡನೇ ವಿಚಾರಣೆಗೆ ಕಿವುಡರ ಶಾಲೆಯಿಂದ ಒಬ್ಬ ವಯಸ್ಸಾದ ದುಭಾಷಿ ಬಂದು ಅರಳುವಿನ ಪಕ್ಕ ಕೂತರು. ಹೋದ ವಾರ ಹೇಳಿದ್ದನ್ನೆಲ್ಲ ಹುಡುಗಿ ಅವರ ಮುಂದೆ ಇನ್ನೊಮ್ಮೆ ಹೇಳಬೇಕಾಯಿತು. ಅದು ಅನ್ಯಾಯವೇ. ಹುಡುಗಿ ಹಲ್ಲು ಕಚ್ಚಿ ಹೇಳಿದಳು. ಅರಳು ದನಿಯಾದಳು. ಆ ಹಿರಿಯರು ಒಂದು ಸಲವೂ ಕೈಯೆತ್ತಿ ತಡೆಯಲಿಲ್ಲ.

ಆಮೇಲೆ ಅಕ್ಕನನ್ನು ಕರೆದರು. ಅಕ್ಕ ತಲೆ ತಗ್ಗಿಸಿಕೊಂಡೇ ಮಾತಾಡಿದಳು. ‘ಮೊದಲ ಸಲ ಕಥೆ ಚಿಕ್ಕದಾಗಿದ್ದದ್ದು ನನ್ನಿಂದ. ಅವಳು ಹೇಳಿದ್ದನ್ನ ನಾನು ಹೇಳಲಿಲ್ಲ. ಬೈತಾರೆ ಅಂತ ನಾನೇ ಕಟ್ಟಿ ಹೇಳಿದೆ.’

ಅರಳು ಅದನ್ನು ತಂಗಿಗೆ ದಾಟಿಸಿದಳು. ಅಕ್ಕನ ‘ನಾನು’ ಈಗ ಅವಳ ಕೈಯಲ್ಲಿ. ಹುಡುಗಿ ಎರಡು ತಿಂಗಳು ಸಲಹೆಗಾರ್ತಿಯನ್ನೇ ಶಂಕಿಸಿದ್ದಳು, ಹೇಳಿದ್ದು ಕಿವಿಗೆ ಹಾಕಿಕೊಳ್ಳಲಿಲ್ಲ ಅಂತ. ಅಕ್ಕ ಬೇಕಂತಲೇ ಬೇರೆ ಹೇಳಿರಬಹುದೆಂದು ಈವರೆಗೂ ಅನಿಸಿರಲಿಲ್ಲ. ಅರಳುವಿನ ಕೈಯನ್ನು ನೋಡುತ್ತಾ ನೋಡುತ್ತಾ ಅವಳು ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಅಕ್ಕ ಇನ್ನೂ ಮಾತಾಡುತ್ತಲೇ ಇದ್ದಳು: ಅಮ್ಮನ ಭಯ, ಮರ್ಯಾದೆ, ಕ್ಷಮಿಸು. ಅರಳುವಿನ ಕೈಗಳು ಗಾಳಿಯಲ್ಲಿ ನಿಂತವು.

‘ಯಾಕೆ ನಿಲ್ಲಿಸಿದಿರಿ?’ ಅಂದರು ಅಧ್ಯಕ್ಷೆ.

‘ಅವರು ಕಣ್ಣು ಮುಚ್ಚಿದಾರೆ ಮೇಡಂ. ಕಣ್ಣು ಮುಚ್ಚಿದಾಗ ಅವರಿಗೆ ಯಾರ ಮಾತೂ ಕೇಳಿಸಲ್ಲ. ತೆರೆಯೋವರೆಗೂ ಕಾಯಬೇಕು.’

ಎಲ್ಲರೂ ಕಾದರು. ಯಾರೂ ಭುಜ ತಟ್ಟಲಿಲ್ಲ, ಯಾರೂ ಮೇಜು ಕುಟ್ಟಲಿಲ್ಲ. ಅಕ್ಕನೂ ಮಾತು ನಿಲ್ಲಿಸಿ ಕೂತಳು. ಅಷ್ಟು ಜನ ತನಗಾಗಿ ಸುಮ್ಮನಿದ್ದಾರೆ ಅನ್ನುವುದು ಆ ಹುಡುಗಿಗೆ ತಿಳಿದಿತ್ತೋ ಇಲ್ಲವೋ. ಕೊನೆಗೆ ಕಣ್ಣು ತೆರೆದಳು. ಅಕ್ಕನ ಕಡೆ ನೋಡದೆ, ಅಧ್ಯಕ್ಷೆಯ ಕಡೆ ನೋಡಿ, ‘ಅವಳ ಮಾತು ಮುಗಿದಿದ್ದರೆ ಮುಂದಿನದು ಕೇಳಿ’ ಅಂದಳು.

ಮುಂದಿನದು ಬೂಟಿನ ವಿಷಯ. ಮಗ್ಗದ ಕೋಣೆಯಲ್ಲಿ ದಾರ ಬಿಗಿಯಲು ಕಟ್ಟುವ ಕಬ್ಬಿಣದ ತೂಕದ ಬಟ್ಟುಗಳು ಕಾಲ ಮೇಲೆ ಬಿದ್ದಾವೆಂದು ಯಾರೂ ಬೂಟಿಲ್ಲದೆ ಓಡಾಡಬಾರದು ಅನ್ನುವ ನಿಯಮ ಗೋಡೆಯ ಮೇಲೇ ಇತ್ತು. ಹಾಗಿದ್ದೂ ಸಂಜೆ ಹೊತ್ತು ಮೇಷ್ಟ್ರ ಬೂಟು ಬಾಗಿಲಾಚೆ ಇರುವುದನ್ನು ಇಬ್ಬರು ಸಹಪಾಠಿಗಳು ನೋಡಿದ್ದರು. ‘ಕಾಲು ನೋವಿರಬೇಕು ಅಂದುಕೊಂಡೆವು’ ಅಂದರು. ಪಕ್ಕದ ಕೋಣೆಯಲ್ಲಿದ್ದ ಮೇಷ್ಟ್ರನ್ನು ಇದರ ಬಗ್ಗೆ ಕೇಳಿದಾಗ ಮೊದಲು ಬೂಟು ಬಿಚ್ಚಿಲ್ಲ ಅಂದ. ಆಮೇಲೆ ಬಿಗಿಯಾಗುತ್ತಿತ್ತು ಅಂದ.

ಸಮಿತಿ ದೂರು ನಿಜವೆಂದು ತೀರ್ಮಾನಿಸಿತು. ಮೇಷ್ಟ್ರು ಮೇಲ್ಮನವಿ ಹಾಕಿ ಕೆಲವು ತಿಂಗಳು ಎಳೆದಾಡಿದ, ಕೊನೆಗೆ ಕೆಲಸ ಹೋಯಿತು. ವಿಭಾಗದಲ್ಲಿ ಎಲ್ಲರೂ ಹುಡುಗಿಯ ಕಡೆಗಿದ್ದರು ಅಂತೇನಿಲ್ಲ. ‘ಒಳ್ಳೆಯ ನೇಕಾರನನ್ನ ಕಳಕೊಂಡೆವು’ ಅಂದವರೂ ಇದ್ದರು. ಅವಳು ಆ ವರ್ಷದ ಪರೀಕ್ಷೆಗೆ ಕೂರಲಿಲ್ಲ. ಮರುವರ್ಷ ಕೂತಳು. ಇನ್ನು ಮೇಲೆ ಮನೆಯವರನ್ನು ದುಭಾಷಿ ಮಾಡುವಂತಿಲ್ಲ, ವಿಚಾರಣೆಗೆ ಇಬ್ಬರು ದುಭಾಷಿಗಳು ಸರದಿಯಂತೆ ಇರಬೇಕು ಎಂದು ಕೇಂದ್ರದಲ್ಲಿ ನಿಯಮ ಬಂತು. ಸಲಹೆಗಾರ್ತಿಯೇ ಹಟ ಹಿಡಿದು ತರಿಸಿದ್ದು.

‘ನಿನಗೆ ಇನ್ನೇನು ಬೇಕು?’ ಅಂತ ಹುಡುಗಿಯನ್ನು ಕೇಳಿದಾಗ, ‘ನನ್ನ ಮಗ್ಗ ತಿರುಗಿಸಿ. ಬೆನ್ನಿಗೆ ಗೋಡೆ ಬರಲಿ, ಕಣ್ಣಿಗೆ ಬಾಗಿಲು’ ಅಂದಳು. ಆ ಮರದ ಮಗ್ಗ ಆನೆಯ ಹಾಗಿತ್ತು. ಸಹಪಾಠಿಗಳ ಜೊತೆ ಸಲಹೆಗಾರ್ತಿ, ಅರಳು ಎಲ್ಲರೂ ಸೇರಿ ಸರಿಸಿದರು. ನಡುವೆ ಸಲಹೆಗಾರ್ತಿಯ ಸೊಂಟ ಹಿಡಿದುಕೊಂಡಿತು. ಅವರು ‘ಅಯ್ಯೋ’ ಅಂದದ್ದನ್ನೂ ಅರಳು ಕೈಯಲ್ಲಿ ದಾಟಿಸಿದಾಗ ಹುಡುಗಿ ನಕ್ಕಳು.

ಅಕ್ಕ ತಂಗಿಯ ನಡುವೆ ಮಾತ್ರ ಬಹಳ ದಿನ ಮಾತಿರಲಿಲ್ಲ. ಮನೆಯಲ್ಲಿ ಎದುರುಬದುರಾದರೆ ತಂಗಿ ನೋಟ ತಪ್ಪಿಸುತ್ತಿದ್ದಳಂತೆ. ಅಮ್ಮನಿಗೆ ವಿಷಯ ತಿಳಿಯಿತು. ಅಳು, ಗಲಾಟೆ ಎಲ್ಲ ಆದವು. ಓದು ಬಿಡಿಸುವ ಮಾತು ಮಾತ್ರ ಬರಲಿಲ್ಲ. ಅಕ್ಕ ಹೆದರಿದ್ದೇ ಬಂತು ಭಾಗ್ಯ. ಶನಿವಾರ ಸಂಜೆ ವಿಶ್ವವಿದ್ಯಾಲಯದ ನೌಕರರಿಗೆ ಅರಳು ಸನ್ನೆ ಭಾಷೆ ಕಲಿಸುತ್ತಿದ್ದಳು. ಒಂದು ಶನಿವಾರ ಅಕ್ಕ ಬಂದು ಹಿಂದಿನ ಸಾಲಲ್ಲಿ ಕೂತಳು. ತಂಗಿ ಹೇಳಿದ್ದು ಅವಳಿಗೆ ತಿಳಿಯುತ್ತಿತ್ತು, ತಿರುಗಿ ಹೇಳಲು ಮಾತ್ರ ಮನೆಯಲ್ಲಿ ಬಳಸುವ ನಾಲ್ಕು ಸನ್ನೆ ಬಿಟ್ಟರೆ ಏನೂ ಬರುತ್ತಿರಲಿಲ್ಲ. ಇಷ್ಟು ವರ್ಷ ಅಷ್ಟರಲ್ಲೇ ತಂಗಿಯ ಜೊತೆ ಬಾಳಿದ್ದಳು.

ಓದು ಮುಗಿಸಿದ ವರ್ಷ ನೇಯ್ಗೆಯ ಮಕ್ಕಳು ತಮ್ಮ ಬಟ್ಟೆಗಳನ್ನು ಪ್ರದರ್ಶನಕ್ಕಿಟ್ಟರು. ಹುಡುಗಿ ಅರಳುವನ್ನು ಕರೆದಳು. ‘ಕೆಲಸಕ್ಕಲ್ಲ, ನೋಡೋಕೆ’ ಅಂದಿದ್ದಳು. ಅರಳು ಗಂಡನ ಜೊತೆ ಹೋದಳು. ನೀಲಿಯ ಹತ್ತಾರು ಛಾಯೆಗಳ ಉದ್ದನೆಯ ಬಟ್ಟೆಯೊಂದರ ಮುಂದೆ ಹುಡುಗಿ ನಿಂತಿದ್ದಳು. ನೋಡಲು ಬಂದಿದ್ದ ಒಬ್ಬ ಮುದುಕ ಅವಳ ಕೈಯಾಟ ನೋಡಿ, ಪಕ್ಕದಲ್ಲಿದ್ದ ಅರಳುವನ್ನು ಕೇಳಿದ. ‘ಏನಂತಾಳಮ್ಮ ಈ ಹುಡುಗಿ?’

ಅರಳು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಮುಂದೆ ಬಂದಳು. ‘ಬಣ್ಣ ತಾನೇ ಮಾಡಿದ್ದಂತೆ...’ ಎಂದು ಶುರುಮಾಡಿದಳು. ತಂಗಿ ಅಕ್ಕನ ಮುಂಗೈ ಹಿಡಿದು ತಡೆದಳು. ‘ಬಾಯಲ್ಲಿ ಹೇಳೋವಾಗ ಕೈಯಲ್ಲೂ ಹೇಳು. ನೀನು ಏನು ಹೇಳ್ತೀಯ ಅಂತ ನಾನು ನೋಡಬೇಕು.’

ಅಕ್ಕನ ಮುಖ ಕೆಂಪಾಯಿತು. ಮತ್ತೆ ಮೊದಲಿನಿಂದ, ಬಾಯಿ ಕೈ ಎರಡರಲ್ಲೂ ಹೇಳತೊಡಗಿದಳು. ‘ನಾನು ಈ ಬಣ್ಣ...’ ಬೆರಳು ತಡವರಿಸಿದವು. ತಂಗಿ ತಲೆಯಾಡಿಸಿ, ಬೆರಳನ್ನು ಸರಿಯಾಗಿ ಮಡಿಸಿ ತೋರಿಸಿದಳು. ಮುಖದಲ್ಲಿ ನಗುವಿರಲಿಲ್ಲ, ಆದರೆ ಕಣ್ಣು ತೆಗೆಯಲಿಲ್ಲ. ಮುದುಕ ಅವಸರ ಮಾಡದೆ ಕಾದ.

‘ಹೋಗೋಣವಾ?’ ಅಂದ ಗಂಡ ಮೆಲ್ಲಗೆ.

‘ಇರಿ ರೀ, ಆ ಮೂಲೆಯದು ನೋಡೇ ಇಲ್ಲ’ ಎಂದು ಅರಳು ಮುಂದಿನ ಬಟ್ಟೆಯ ಕಡೆ ನಡೆದಳು.